ಹಾಡಿಗೂ ಮುಂಚೆ ಎರಡು ಮಾತು

ಒಂದು ಶಾಲು ಹೊದಿಸಿದರೆ ಸಾಕು ಎಂದು ಸುಯಮೀಂದ್ರ ಬಾಯಿ ತಪ್ಪಿ ಅಂದುಬಿಟ್ಟ. ಐವತ್ತೆರಡು ವರ್ಷ ಅಳೆದು ತೂಗಿ ಮಾತಾಡಿಕೊಂಡು ಬಂದ ಗಣಿತದ ಉಪನ್ಯಾಸಕನೊಬ್ಬ ಇಂಥ ಮಾತನ್ನು, ಅದರಲ್ಲೂ ಚಂದ್ರಪ್ಪನವರ ಎದುರಿಗೆ, ಆಡಬಾರದಿತ್ತು.

ಚಂದ್ರಪ್ಪನವರು ಶಿಗ್ಗಾಂವಿಯ ಕಲಾಪೋಷಕ ಬಳಗದ ಅಧ್ಯಕ್ಷರು. ಬಳಗ ಹುಟ್ಟಿ ಇಪ್ಪತ್ತು ವರ್ಷವಾಯಿತು. ಈ ಇಪ್ಪತ್ತು ವರ್ಷಗಳಲ್ಲಿ ಅದು ಪೋಷಿಸಿದ ಕಲೆ ಒಂದೇ ಒಂದು, ಸನ್ಮಾನ. ಊರಿಗೆ ವರ್ಗವಾಗಿ ಬಂದ ಅಧಿಕಾರಿಗೆ ಸನ್ಮಾನ, ವರ್ಗವಾಗಿ ಹೋಗುವವನಿಗೆ ಸನ್ಮಾನ, ವರ್ಗ ರದ್ದಾಗಿ ಇಲ್ಲೇ ಉಳಿದವನಿಗೆ ಎರಡೆರಡು ಸನ್ಮಾನ. ಯಾರೂ ಸಿಗದ ತಿಂಗಳಲ್ಲಿ ಬಳಗದವರು ಒಬ್ಬರಿಗೊಬ್ಬರು ಶಾಲು ಹೊದಿಸಿಕೊಂಡು ಕೈ ರೂಢಿ ತಪ್ಪದಂತೆ ನೋಡಿಕೊಳ್ಳುತ್ತಾರೆ.

ಸುಯಮೀಂದ್ರನಿಗೆ ಇವರ ಸಹವಾಸ ಬೇಕಾಗಿದ್ದು ಸಭಾಭವನದ ಬೀಗದ ಕೈಗಾಗಿ ಮಾತ್ರ. ಸಭಾಭವನ ಬೇಕಾಗಿದ್ದು ಡೆಸ್ಮಂಡ್ ಮಿಸ್ಕಿತ್‌ಗಾಗಿ.

ಡೆಸ್ಮಂಡ್ ಮಿಸ್ಕಿತ್ ಹುಬ್ಬಳ್ಳಿಯ ರೈಲ್ವೆ ಗಾರ್ಡ್ ಒಬ್ಬರ ಮಗ. ಹದಿನೇಳನೆಯ ವಯಸ್ಸಿಗೆ ಗಿಟಾರು ಹೆಗಲಿಗೇರಿಸಿ ಮುಂಬಯಿಗೆ ಓಡಿಹೋದವನು, ಅಲ್ಲಿ ಇಂಗ್ಲಿಷಿನಲ್ಲಿ ತಾನೇ ಹಾಡು ಕಟ್ಟಿ ತಾನೇ ಹಾಡುತ್ತ ದೇಶದ ದೊಡ್ಡ ರಾಕ್ ಗಾಯಕನಾದ. ಈಗ ಎಪ್ಪತ್ತಾರು ವರ್ಷ. ಅವನ ಹಾಡುಗಳಲ್ಲಿ ಏಳು ನಿಮಿಷದ್ದೊಂದಿದೆ. ಅಭಿಮಾನಿಗಳು ಅದನ್ನು ರೈಲಿನ ಹಾಡು ಎಂದೇ ಕರೆಯುತ್ತಾರೆ. ಸವಣೂರಿನ ವೈಷ್ಣವ ಪಂಡಿತರ ಮನೆತನದಲ್ಲಿ ಹುಟ್ಟಿದ ಸುಯಮೀಂದ್ರನಿಗೆ ಮನೆಯ ಗ್ರಂಥಗಳಲ್ಲಿ ಒಂದು ಸಾಲೂ ಬಾಯಿಗೆ ಬರುವುದಿಲ್ಲ, ರೈಲಿನ ಹಾಡು ಮಾತ್ರ ನಿದ್ದೆಯಲ್ಲೂ ಬರುತ್ತದೆ. ಕ್ಯಾಸೆಟ್ಟಿನಲ್ಲಿ ಕೇಳಿದ, ಸಿ.ಡಿ.ಯಲ್ಲಿ ಕೇಳಿದ, ಮೊಬೈಲಿನಲ್ಲಿ ಕೇಳಿದ. ಎದುರಿಗೆ ಕುಳಿತು, ಆ ಮನುಷ್ಯನ ಬಾಯಿಂದಲೇ ಒಂದು ಸಲ ಕೇಳಬೇಕೆಂಬುದು ಮೂವತ್ತು ವರ್ಷದ ಆಸೆ. ಒಮ್ಮೆ ಬೆಂಗಳೂರಿಗೆ ಹೊರಟಾಗ ಬಸ್ಸು ತುಮಕೂರಿನ ಹತ್ತಿರ ಕೆಟ್ಟು ನಿಂತಿತು. ಇನ್ನೊಮ್ಮೆ ಟಿಕೆಟು ತೆಗೆಸಿದ ದಿನವೇ ಮನೆಯಲ್ಲಿ ಗುರುಗಳ ಆರಾಧನೆ ಬಂತು.

ಇದೀಗ ಮುದುಕ ಕೊನೆಯ ಪ್ರವಾಸ ಮುಗಿಸಿ ಗೋವಾದಿಂದ ಬೆಂಗಳೂರಿಗೆ ಕಾರಿನಲ್ಲಿ ಹೋಗುವವನಿದ್ದ. ಹೆದ್ದಾರಿ ಶಿಗ್ಗಾಂವಿಯ ಮಗ್ಗುಲಲ್ಲೇ ಹಾಯುತ್ತದೆ. ಸುಯಮೀಂದ್ರ ಪತ್ರ ಬರೆದ. ಉತ್ತರ ಬಂತು: ಭಾನುವಾರ ಸಂಜೆ ನಾಲ್ಕರಿಂದ ಆರು, ಐದು ಹಾಡು, ಕೊನೆಯದು ರೈಲಿನ ಹಾಡು, ಆರಕ್ಕೆ ಸರಿಯಾಗಿ ಹೊರಡುತ್ತಾರೆ. ಸುಯಮೀಂದ್ರ ಆ ಉತ್ತರವನ್ನು ದೇವರ ಮುಂದಿಟ್ಟು ಕೈಮುಗಿದು, ಬೀಗದ ಕೈ ಕೇಳಲು ಹೋದ.

"ಕೊಡೂಣ್ರಿ ಸರ, ಕೊಡೂಣು" ಎಂದರು ಚಂದ್ರಪ್ಪ. "ಆದ್ರ ನಮ್ಮ ಹಾಲಿನಾಗ ಬರೇ ಹಾಡಿ ಹೋಗೂ ಪದ್ಧತಿ ಇಲ್ಲ. ಒಂದು ಸಣ್ಣ ವೇದಿಕಿ ಕಾರ್ಯಕ್ರಮ ಆಗಾಕ ಬೇಕು."

"ಅದೆಲ್ಲ ಯಾಕ್ರಿ? ಒಂದು ಶಾಲು ಹೊದಿಸಿದ್ರ ಸಾಕು."

ಇಲ್ಲಿಗೆ ಅವನ ಕತೆ ಮುಗಿಯಿತು. ಉಳಿದದ್ದು ಭಾನುವಾರದ ವಿವರ.

ಭಾನುವಾರ ಬೆಳಿಗ್ಗೆ ಹೆಂಡತಿ ವಿಭಾ ಆಮಂತ್ರಣ ಪತ್ರಿಕೆ ಹಿಡಿದು ಒಳಗೆ ಬಂದಳು. ಮದುವೆ ಕಾರ್ಡಿಗಿಂತ ದೊಡ್ಡದು, ನಾಲ್ಕು ಮಡಿಕೆ. ಬಿಚ್ಚುತ್ತ ಬಿಚ್ಚುತ್ತ ಅವಳ ಹುಬ್ಬು ಮೇಲೇರಿತು.

"ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ, ವಿಶೇಷ ಉಪಸ್ಥಿತಿ, ಬರೇ ಉಪಸ್ಥಿತಿ... ಇಪ್ಪತ್ತಮೂರು ಮಂದಿ ಇದ್ದಾರ. ಹಾಡು ಎಲ್ಲದರೀ ಇದರಾಗ?"

ಸುಯಮೀಂದ್ರ ಕನ್ನಡಕ ಏರಿಸಿ ಹುಡುಕಿದ. ಹಾಡು ನಾಲ್ಕನೆಯ ಮಡಿಕೆಯ ತಳದಲ್ಲಿತ್ತು, ವಂದನಾರ್ಪಣೆಯ ಕೆಳಗೆ, ಮುದ್ರಕರ ಹೆಸರಿನ ಮೇಲೆ: 'ಸಮಯ ದೊರೆತಲ್ಲಿ ಗಾಯನ'.

ಅವನು ಗಣಿತದವನು. ಇಪ್ಪತ್ತಮೂರು ಮಂದಿಗೆ ತಲಾ ಐದು ನಿಮಿಷ ಎಂದರೂ ನೂರಾ ಹದಿನೈದು. ಎರಡು ತಾಸಿನಲ್ಲಿ ಕಳೆದರೆ ಉಳಿಯುವುದು ಐದು. ಹಾಡು ಏಳು ನಿಮಿಷದ್ದು. ಅದೂ ಭಾಷಣಕಾರ ಐದು ನಿಮಿಷಕ್ಕೆ ಕುಳಿತುಕೊಂಡರೆ. ನಮ್ಮ ಸೀಮೆಯಲ್ಲಿ ಎರಡು ಮಾತು ಆಡುತ್ತೇನೆಂದು ಎದ್ದವನು ಇಪ್ಪತ್ತು ನಿಮಿಷಕ್ಕೆ ಮೊದಲು ಕುಳಿತ ದಾಖಲೆ ಇಲ್ಲ. ಸುಯಮೀಂದ್ರ ಚಹಾ ಬಿಟ್ಟು ಚಂದ್ರಪ್ಪನವರ ಮನೆಗೆ ಓಡಿದ.

ಚಂದ್ರಪ್ಪನವರು ಜಗಲಿಯ ಮೇಲೆ ಶಾಲು ಎಣಿಸುತ್ತಿದ್ದರು.

"ನೋಡ್ರಿ ಸರ, ನೀವ ಹೇಳಿದ್ರಿ ಶಾಲ್ ಹೊದಿಸ್ರಿ ಅಂತ. ನಾವು ಒಂದು ಹೊದಿಸಿದ್ವಿ ಅಂದ್ರ ಕಿರಾಣಿ ವರ್ತಕರು ಸುಮ್ಮನ ಕುಂದರ್ತಾರೇನ್ರಿ? ಅವರು ಹೊದಿಸಿದ್ರ ನಿವೃತ್ತ ನೌಕರರು ಬಿಡ್ತಾರೇನು? ಯೋಗ ಬಳಗ ಐತಿ, ಮಹಿಳಾ ಸಂಘದ ಹಾಜರಾಬಿಯವರು ಅದಾರ. ಹನ್ನೊಂದು ಸಂಘ ಆದ್ವು. ಹಾನಗಲ್ಲ, ಸವಣೂರು, ಹಿರೇಕೆರೂರಿನ ಬಳಗದ ಅಧ್ಯಕ್ಷರೂ ಬರಾಕತ್ತಾರ."

"ಅವರಿಗೆ ಆ ಮನಷ್ಯಾ ಯಾರಂತ ಗೊತ್ತದ ಏನ್ರಿ?"

"ಸನ್ಮಾನ ಮಾಡಾಕ ಗೊತ್ತಿರಬೇಕೇನ್ರಿ?" ಚಂದ್ರಪ್ಪನವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಹುಬ್ಬಳ್ಯಾಗ ಹುಟ್ಟ್ಯಾರ. ಜಿಲ್ಲಾ ಒಡಿಯೂಕಿಂತ ಮೊದಲು ಹುಬ್ಬಳ್ಳಿ ಶಿಗ್ಗಾಂವಿ ಎಲ್ಲಾ ಒಂದ ಅಲ್ಲೇನು? ಅಂದಮ್ಯಾಲೆ ನಮ್ಮವರ ಆದ್ರು. ಸಾಕು."

ಮನೆಗೆ ಬಂದರೆ ಸವಣೂರಿನಿಂದ ಕಾಕಾ ರಾಘಣ್ಣ ಬಂದು ಕುಳಿತಿದ್ದರು. ನಿವೃತ್ತ ಸಂಸ್ಕೃತ ಮಾಸ್ತರರು. ಮಡಿಲಲ್ಲಿ ಇಪ್ಪತ್ತು ಪುಟದ ಕಟ್ಟು.

"ಅತಿಥಿಗಳ ಪರಿಚಯ ನಾನೇ ಮಾಡಾಂವ" ಎಂದರು. "ನಮ್ಮ ಮನಿತನದ ಹುಡುಗ ಕಾರ್ಯಕ್ರಮ ಮಾಡ್ಸೂದು, ಪರಿಚಯ ಮತ್ತೊಬ್ರು ಹೇಳೂದು ಅಂದ್ರ ಏನು? ನಾದದ ಉತ್ಪತ್ತಿಯಿಂದ ಸುರು ಮಾಡೇನಿ."

"ಕಾಕಾ, ಅವರು ಹುಟ್ಟಿದ್ದು ಹುಬ್ಬಳ್ಳಿ ರೈಲ್ವೆ ಕ್ವಾರ್ಟರ್ಸಿನಾಗ. ಅಲ್ಲಿಂದ ಸುರು ಮಾಡಿದ್ರ ಆಗ್ತದ."

"ಅಲ್ಲಿಗೆ ಬರ್ತೇನಿ. ಹದಿನೆಂಟನೇ ಪುಟದಾಗ."

ನಾಲ್ಕಕ್ಕೆ ಸರಿಯಾಗಿ ಕಾರು ಹೆದ್ದಾರಿಯಿಂದ ಇಳಿದು ಬಂತು. ಡೆಸ್ಮಂಡ್ ಮಿಸ್ಕಿತ್ ಇಳಿದ. ಬಿಳಿ ಜುಟ್ಟು, ಕಪ್ಪು ಕನ್ನಡಕ, ಆ ಬಿಸಿಲಲ್ಲೂ ಚರ್ಮದ ಅಂಗಿ, ಕೈಯಲ್ಲಿ ಗಿಟಾರು. ಸುಯಮೀಂದ್ರ ಎರಡು ಹೆಜ್ಜೆ ಮುಂದೆ ಹೋಗಿ ಕೈಮುಗಿದ. ಮೂವತ್ತು ವರ್ಷ ಜೋಪಾನ ಮಾಡಿಟ್ಟ ಮಾತು ಒಂದೂ ಹೊರಗೆ ಬರಲಿಲ್ಲ. ಬರುವಷ್ಟು ಹೊತ್ತೂ ಯಾರೂ ಕೊಡಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಬಾಜಾ ಸುರುವಾಯಿತು. ಕುಂಭ ಹೊತ್ತ ಮೂವತ್ತು ಹೆಂಗಸರು ಮುಂದೆ, ಮುದುಕ ಹಿಂದೆ. ಐದು ನಿಮಿಷದ ದಾರಿಯನ್ನು ಮೆರವಣಿಗೆ ಇಪ್ಪತ್ತೈದು ನಿಮಿಷ ನಡೆಯಿತು.

"ಇವ್ರೇನ್ರಿ?" ಎಂದು ಕಿರಾಣಿ ವರ್ತಕರ ಸಂಘದ ದ್ಯಾಮಪ್ಪ ಸುಯಮೀಂದ್ರನ ಕಿವಿಯಲ್ಲಿ ಕೇಳಿದ. "ಟಿವ್ಯಾಗ ಒಮ್ಮೆನೂ ಕಂಡಿಲ್ಲಲ್ಲ. ಇರ್ಲಿ ಬಿಡ್ರಿ, ಹಾರ ತಂದು ಆಗೈತಿ."

ದೀಪ ಬೆಳಗುವುದಕ್ಕೆ ಇಪ್ಪತ್ತಮೂರು ಮಂದಿಯೂ ಸಾಲು ನಿಂತರು. ಒಬ್ಬರು ಹಚ್ಚಿದ್ದನ್ನು ಫ್ಯಾನು ಆರಿಸಿತು. ಫ್ಯಾನು ನಿಲ್ಲಿಸಿದರೆ ಗಣ್ಯರು ಬೆವತರು. ಗಣ್ಯರು ಬೆವತದ್ದಕ್ಕೆ ಮತ್ತೆ ಫ್ಯಾನು ಹಾಕಿದರು, ದೀಪ ಮತ್ತೆ ಆರಿತು. ಕೊನೆಗೆ ಎಲ್ಲರೂ ಆರಿದ ದೀಪಕ್ಕೇ ಮೇಣದ ಬತ್ತಿ ಹಿಡಿದು ಫೋಟೋ ತೆಗೆಸಿಕೊಂಡರು. ಹಣ್ಣಿನ ಬುಟ್ಟಿ ಇಡಲು ಜಾಗ ಸಾಲದೆಂದು ಯಾರೋ ಗಿಟಾರನ್ನು ಬ್ಯಾನರಿನ ಹಿಂದೆ ಸರಿಸಿದರು.

ನಿರೂಪಣೆ ಮಂಜಪ್ಪ ಮಾಸ್ತರರದು. ಮಂಜಪ್ಪನ ನಿರೂಪಣೆ ಎಂದರೆ ಎರಡು ಭಾಷಣಗಳ ನಡುವೆ ಇನ್ನೊಂದು ಭಾಷಣ. ಅವರು ರಾಘಣ್ಣನನ್ನು ಕರೆಯಲು ತೆಗೆದುಕೊಂಡ ಹೊತ್ತಿನಲ್ಲಿ ಬಂಕಾಪುರದ ನವಿಲುಧಾಮಕ್ಕೆ ಹೋಗಿ ನವಿಲು ನೋಡಿಕೊಂಡು ಬರಬಹುದಿತ್ತು. ರಾಘಣ್ಣ ಎದ್ದರು, ಕನ್ನಡಕ ಒರೆಸಿದರು, ನಾದದ ಉತ್ಪತ್ತಿಗೆ ಕೈಹಾಕಿದರು.

ಏಳನೆಯ ಪುಟಕ್ಕೆ ಗಂಟೆ ಐದಾಗಲು ಐದು ನಿಮಿಷವಿತ್ತು. ಸುಯಮೀಂದ್ರನಿಗೆ ತಡೆಯಲಾಗಲಿಲ್ಲ. ಮೈಕಿನ ಫಕ್ಕೀರೇಶನ ಹತ್ತಿರ ಹೋಗಿ, "ತಂತಿ ಕಿತ್ತುಬಿಡೋ, ಕರೆಂಟ್ ಹೋತು ಅನ್ನು" ಎಂದ. ಫಕ್ಕೀರೇಶ ಖುಷಿಯಿಂದಲೇ ಕಿತ್ತ. ಆದರೆ ನಲವತ್ತು ವರ್ಷ ಶಾಲೆಯಲ್ಲಿ ಕೂಗಿ ಪಾಠ ಹೇಳಿದ ಗಂಟಲಿಗೆ ಮೈಕು ಯಾಕೆ?

"ಹಿಂದಿನವರಿಗೆ ಕೇಳಿಸಿರ್ಲಿಕ್ಕಿಲ್ಲ" ಎಂದು ರಾಘಣ್ಣ ಕಟ್ಟು ತಿರುವಿದರು. "ಮೊದಲಿಂದ ಹೇಳ್ತೇನಿ."

ವೇದಿಕೆಯ ಮೇಲೆ ಡೆಸ್ಮಂಡ್ ಕಣ್ಣುಮುಚ್ಚಿ ಕುಳಿತಿದ್ದ. ಪಾಪ, ಎಷ್ಟು ಸಂಕಟಪಡುತ್ತಿದ್ದಾನೆ ಎಂದುಕೊಂಡ ಸುಯಮೀಂದ್ರ. ಇಂಥ ಊರಿಗೆ ಕರೆಸಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡ. ಊರನ್ನೂ ಬೈದ, ತಾಲ್ಲೂಕನ್ನೂ ಬೈದ.

ಐದೂ ಹತ್ತಕ್ಕೆ, ರಾಘಣ್ಣ ಇನ್ನೂ ಹುಬ್ಬಳ್ಳಿ ಮುಟ್ಟುವ ಮೊದಲೇ, ಫಕ್ಕೀರೇಶ ತಂತಿ ಮತ್ತೆ ಸಿಕ್ಕಿಸಿದ, ಸನ್ಮಾನ ಆರಂಭವಾಯಿತು. ಒಂದೊಂದು ಸಂಘವೂ ಶಾಲು, ಹಾರ, ಪೇಟ, ಹಣ್ಣು ಹಿಡಿದು ಹತ್ತಿತು. ಫೋಟೋದಲ್ಲಿ ಬರಲಿಲ್ಲವೆಂದು ಯೋಗ ಬಳಗದವರು ತಮ್ಮ ಶಾಲನ್ನು ಬಿಚ್ಚಿಸಿ ಮತ್ತೊಮ್ಮೆ ಹೊದಿಸಿದರು. ಆರನೆಯ ಶಾಲಿಗೆ ಚರ್ಮದ ಅಂಗಿ ಕಾಣದಾಯಿತು. ಒಂಬತ್ತನೆಯದಕ್ಕೆ ಗದ್ದ ಹೋಯಿತು. ರಾಕ್ ಗಾಯಕ ಮದುವೆಮನೆಯ ಮೂಲೆಯಲ್ಲಿ ಸುತ್ತಿಟ್ಟ ಗಾದಿಯಂತೆ ಕುರ್ಚಿಯಲ್ಲಿ ಕುಳಿತಿದ್ದ, ಮೇಲೊಂದು ಪೇಟ.

ನಡುವೆ ಹಾಜರಾಬಿ ಮೈಕು ಹಿಡಿದರು. "ನೋಡ್ರಿ, ಭಾಷಣ ಸಾಕು. ಬಂದವರು ಹಾಡವ್ರು. ಹಾಡಾಕ ಬಿಡೂಣು" ಎಂದರು. ಸುಯಮೀಂದ್ರನ ಕಣ್ಣು ತುಂಬಿ ಬಂತು. ಇಡೀ ಊರಿನಲ್ಲಿ ಬುದ್ಧಿಯಿರುವವರು ಒಬ್ಬರಾದರೂ ಇದ್ದಾರೆ! ಭಾಷಣ ಯಾಕೆ ಸಾಕು ಎಂಬ ವಿಷಯದ ಮೇಲೆ ಹಾಜರಾಬಿ ಹನ್ನೆರಡು ನಿಮಿಷ ಮಾತಾಡಿದರು.

ಸುಯಮೀಂದ್ರ ವೇದಿಕೆಯ ಹಿಂದಿನಿಂದ ಹೋಗಿ ಡೆಸ್ಮಂಡ್‌ನ ಮಗ್ಗುಲಲ್ಲಿ ಕುಕ್ಕರಿಸಿದ. ಮುದುಕ ಕಪ್ಪು ಕನ್ನಡಕ ಎತ್ತಿ ಕಣ್ಣೊರೆಸಿಕೊಳ್ಳುತ್ತಿದ್ದ. ಶಾಲುಗಳೊಳಗಿಂದ ಒಂದು ಕೈ ಬಂದು ಸುಯಮೀಂದ್ರನ ತೋಳು ಹಿಡಿಯಿತು. ತುಟಿ ಏನೋ ಹೇಳಿತು. ಧ್ವನಿವರ್ಧಕದ ಅಬ್ಬರದಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.

"ಗೊತ್ತಾತ್ರಿ ಸರ, ಗೊತ್ತಾತು" ಎಂದ ಸುಯಮೀಂದ್ರ, ಏನೂ ಗೊತ್ತಾಗದೆ. "ಈಗಿಂದೀಗ ಬಂದ್ ಮಾಡಸ್ತೇನಿ." ಮುದುಕ ತಲೆ ಅಲ್ಲಾಡಿಸಿದ. ಎಷ್ಟು ಹತಾಶನಾಗಿದ್ದಾನೆ ಎಂದುಕೊಂಡು ಇವನು ಜೇಬಿನಿಂದ ಪೆನ್ನು ತೆಗೆದ.

ಒಂದು ಚೀಟಿ ಬರೆದ: 'ದಯವಿಟ್ಟು ಬೇಗ ಮುಗಿಸಿ. ಸುಯಮೀಂದ್ರ.' ಮಂಜಪ್ಪನ ಕೈಗೆ ಕಳಿಸಿದ. ಮಂಜಪ್ಪ ಮಾಸ್ತರರು ಜೀವಮಾನದಲ್ಲಿ ಯಾವ ಚೀಟಿಯನ್ನೂ ಮನಸ್ಸಿನಲ್ಲಿ ಓದಿದವರಲ್ಲ.

"ಬೇಗ ಮುಗಿಸಿ ಎಂದು ಸುಯಮೀಂದ್ರ ಸರ್ ಅವರು ಕಳಕಳಿಯಿಂದ ತಿಳಿಸಿದ್ದಾರೆ. ಸಮಯಪ್ರಜ್ಞೆಗೆ ಇನ್ನೊಂದು ಹೆಸರೇ ಸುಯಮೀಂದ್ರ ಸರ್! ಇಂಥವರನ್ನು ನಾವು ಮರೆಯಬಾರದು. ಅವರನ್ನೂ ವೇದಿಕೆಗೆ ಕರೆದು ಸನ್ಮಾನಿಸೋಣ. ಜೋರಾದ ಚಪ್ಪಾಳೆ!"

ನಾಲ್ಕು ಮಂದಿ ಎಳೆದುಕೊಂಡು ಹೋಗಿ ಅವನಿಗೂ ಹಾರ ಹಾಕಿದರು. ಆರು ನಿಮಿಷ ಹೋಯಿತು. ಗೋಡೆಯ ಗಡಿಯಾರದಲ್ಲಿ ಐದೂ ಮೂವತ್ತೆಂಟು.

"ಈಗ" ಎಂದರು ಮಂಜಪ್ಪ, "ನಾವೆಲ್ಲರೂ ಕಾತರದಿಂದ ಕಾದಿರುವ ಅಧ್ಯಕ್ಷೀಯ ಭಾಷಣ."

ಚಂದ್ರಪ್ಪನವರು ಜೇಬಿನಿಂದ ಕಾಗದ ತೆಗೆದರು. ಸುಯಮೀಂದ್ರನ ತಲೆಯಲ್ಲಿ ಏನೋ ಪಟ್ಟನೆ ಹರಿಯಿತು. ಹಾರ ಹಾಕಿಕೊಂಡೇ ನುಗ್ಗಿ ಮೈಕು ಕಸಿದ.

"ಸಾಕು! ಯಾರಿಗೆ ಬೇಕ್ರಿ ನಿಮ್ಮ ಭಾಷಣ? ಅಂಥಾ ದೊಡ್ಡ ಕಲಾವಿದನ್ನ ಕರಸಿ ಗಾದಿ ಸುತ್ತಿಧಾಂಗ ಸುತ್ತಿ ಕುಂದರ್ಸೀರಿ! ಅವರದೊಂದು ಹಾಡು ಕೇಳೀರೇನು ನಿಮ್ಮೊಳಗ ಒಬ್ಬರಾದ್ರೂ? ನಾಚಿಕಿ ಆಗಬೇಕು ನಮ್ಮ ಊರಿಗೆ! ಮೂವತ್ತು ವರ್ಷ ಕಾದೇನಿ ನಾನು, ಮೂವತ್ತು ವರ್ಷ!"

ಚಂದ್ರಪ್ಪನವರು ಕಾಗದ ಮಡಿಸಿ ಜೇಬಿಗಿಟ್ಟರು. ರಾಘಣ್ಣ ತಲೆ ತಗ್ಗಿಸಿದರು. ಮೊದಲ ಸಾಲಿನಲ್ಲಿದ್ದ ವಿಭಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುಯಮೀಂದ್ರ ಬ್ಯಾನರಿನ ಹಿಂದಿನಿಂದ ಗಿಟಾರು ಎಳೆದು ತಂದು, ಧೂಳು ಒರೆಸಿ, ಎರಡೂ ಕೈಯಿಂದ ಡೆಸ್ಮಂಡ್‌ಗೆ ಒಪ್ಪಿಸಿದ. ಇನ್ನೂ ಇಪ್ಪತ್ತು ನಿಮಿಷವಿತ್ತು. ರೈಲಿನ ಹಾಡು ಎರಡು ಸಲ ಹಾಡಿದರೂ ಹೊತ್ತು ಮಿಗುತ್ತಿತ್ತು. ಅವನು ನೇರ ಎದುರಿಗೆ, ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿ ಕುಳಿತ. ಬದುಕಿನಲ್ಲಿ ಅಷ್ಟು ಸುಖ ಅವನಿಗೆ ಎಂದೂ ಆಗಿರಲಿಲ್ಲ.

ಡೆಸ್ಮಂಡ್ ಎದ್ದ. ಗಿಟಾರನ್ನು ಕುರ್ಚಿಗೆ ಆನಿಸಿ ಇಟ್ಟ. ಮೈಕಿನ ಹತ್ತಿರ ಬಂದು, ಹನ್ನೊಂದು ಶಾಲು ಸರಿಮಾಡಿಕೊಂಡು, ಅಚ್ಚ ಹುಬ್ಬಳ್ಳಿಯ ಕನ್ನಡದಲ್ಲಿ ಬಾಯಿ ತೆರೆದ.

"ಈ ತಮ್ಮಗ ಯಾರರ ಒಂದೀಟು ನೀರು ಕುಡಸ್ರಿ. ಅಧ್ಯಕ್ಷರ ಮರ್ಯಾದಿ ತಗಿಯೂದು ಚಲೋ ಅಲ್ಲ. ಆಗಳೆ ತೋಳು ಹಿಡದು ಹೇಳಿದೆ, ಏನೂ ಬಂದ್ ಮಾಡಸಬ್ಯಾಡ, ನಡೀಲಿ ಬಿಡು ಅಂತ."

ಯಾರೋ ಸುಯಮೀಂದ್ರನ ಮುಂದೆ ನೀರಿನ ಲೋಟ ಹಿಡಿದರು.

"ಐವತ್ತು ವರ್ಷ ಹಾಡೇನಿ" ಎಂದ ಡೆಸ್ಮಂಡ್. "ಎಲ್ಲೆ ಹ್ವಾದ್ರೂ ಮಂದಿ ಒದರೂದು ಒಂದ. ಹಾಡು, ಹಾಡು, ಆ ರೈಲಿನ ಹಾಡು ಹಾಡು. ಊಟ ಆತೇನು ಅಂತ ಒಬ್ಬರೂ ಕೇಳಲಿಲ್ಲ. ಒಂದು ಕುರ್ಚಿ ಹಾಕಲಿಲ್ಲ, ನಿಂತ ನಿಂತ ಮಣಕಾಲು ಸವದ ಹೋದ್ವು. ನಾ ಓಡಿಹೋದಾಗ ನಮ್ಮಪ್ಪ ಅಂದಿದ್ದ, ಈ ಗಿಟಾರ್ ಬಾರಿಸಾವಗ ನಾಕ ಮಂದಿಯೊಳಗ ಯಾರೂ ಮರ್ಯಾದಿ ಕೊಡೂದಿಲ್ಲಪಾ ಅಂತ. ಇವತ್ತ ಇದ್ದಿದ್ರ ನೋಡ್ತಿದ್ದ. ಎರಡು ತಾಸಾಗಾಕ ಬಂತು, ನನ್ನ ಕಡೆ ತಿರುಗಿ ಒಬ್ಬರಾದ್ರೂ ಹಾಡು ಅನ್ನಲಿಲ್ಲ ನೀವು! ಇಂಥ ಸುಸಂಸ್ಕೃತ ಮಂದಿನ್ನ ನಾ ಎಲ್ಲೂ ನೋಡಿಲ್ಲ. ಅಧ್ಯಕ್ಷರ, ನಿಮ್ಮ ಭಾಷಣ ಆಗಲಿ. ನನಗೇನೂ ಅವಸರ ಇಲ್ಲ, ಡ್ರೈವರಗ ಹೇಳ್ತೇನಿ."

ಸಭಾಭವನದ ತಗಡು ಹಾರಿಹೋಗುವಂಥ ಚಪ್ಪಾಳೆ. ಚಂದ್ರಪ್ಪನವರು ಕಣ್ಣೊರೆಸಿಕೊಂಡು ನಲವತ್ತು ನಿಮಿಷ ಮಾತಾಡಿದರು. ಆ ಮೇಲೆ ಡೆಸ್ಮಂಡ್ ಕೃತಜ್ಞತೆಯ ಎರಡು ಮಾತು ಎಂದು ಎದ್ದ. ನಮ್ಮ ಸೀಮೆಯಲ್ಲಿ ಹುಟ್ಟಿದವನಲ್ಲವೇ, ಅರ್ಧ ತಾಸು ಆಯಿತು.

ಮಂಜಪ್ಪ ಮಾಸ್ತರರಿಗೆ ಕಾರ್ಡಿನ ಕೊನೆಯ ಸಾಲು ನೆನಪಾದದ್ದು ಆಗ. "ಸಮಯ ದೊರೆತಿದೆ. ತಾವು ಒಂದು ಗೀತೆಯನ್ನು..."

"ಛೇ!" ಎಂದ ಡೆಸ್ಮಂಡ್. "ಇಷ್ಟು ಮರ್ಯಾದಿ ಆದಮ್ಯಾಲೆ ಹಾಡಿದ್ರ ಚಂದ ಕಾಣತೈತೇನ್ರಿ? ಸನ್ಮಾನ ಆದವರು ಎಲ್ಲೆರ ಹಾಡ್ತಾರ? ಆ ತಮ್ಮಗ ನನ್ನ ಹಾಡಂದ್ರ ಭಾಳ ಜೀವ. ಅಂವನ ಹಾಡ್ಲಿ."

ಮತ್ತೆ ಅದೇ ನಾಲ್ಕು ಮಂದಿ ಬಂದು ಎಳೆದೊಯ್ದರು. ಬೇಡ, ಬೇಡ್ರಿ ಎಂದು ಸುಯಮೀಂದ್ರ ಕೈಕಾಲು ಬಡಿದದ್ದನ್ನು ಜನ ವಿನಯ ಎಂದು ತಿಳಿದರು. ಪಕ್ಕವಾದ್ಯ ಇಲ್ಲ, ಶ್ರುತಿ ಇಲ್ಲ. ಎದುರಿಗೆ ಅವನ ಆರಾಧ್ಯದೈವ ಪೇಟ ಧರಿಸಿ ಕುಳಿತು ಬಾಳೆಹಣ್ಣು ಸುಲಿಯುತ್ತಿತ್ತು. ಮೂವತ್ತು ವರ್ಷ ಕೇಳಬೇಕೆಂದು ಹಂಬಲಿಸಿದ ಹಾಡನ್ನು ಸುಯಮೀಂದ್ರ ಹಾಡಿದ, ಹರಿದ ಗಂಟಲಲ್ಲಿ, ಅಳುತ್ತ, ಪೂರಾ ಏಳು ನಿಮಿಷ.

"ಸರ ಚಲೋ ಹಾಡಿದ್ರು" ಎಂದ ದ್ಯಾಮಪ್ಪ. "ತಿಳೀಲಿಲ್ಲ, ಆದ್ರ ಅಳಬುರುಕ ಹಾಡಂತ ಗೊತ್ತಾತು."

ಹಾನಗಲ್ಲಿನ ಅಧ್ಯಕ್ಷರು ಮುಂದೆ ಬಂದರು. ನಾಳೆ ತಮ್ಮಲ್ಲಿ ಆಗಲೇಬೇಕು ಎಂದರು. ಮಂಗಳವಾರ ಸವಣೂರಿನವರು ಹಿಡಿದರು, ಬುಧವಾರ ಹಿರೇಕೆರೂರಿನವರು. ಡೆಸ್ಮಂಡ್ ಮೂರಕ್ಕೂ ಹೂಂ ಅಂದ, ತಾನು ಬಂದ ಕಾರನ್ನು ಬೆಂಗಳೂರಿಗೆ ಕಳಿಸಿಬಿಟ್ಟ. ಉಳಿಯುವುದು ಸುಯಮೀಂದ್ರನ ಮನೆಯಲ್ಲಿ, ಓಡಾಟ ಸುಯಮೀಂದ್ರನ ಕಾರಿನಲ್ಲಿ, ಬುಧವಾರದವರೆಗೆ ರಜೆ ಹಾಕುವವನು ಸುಯಮೀಂದ್ರ ಎಂದು ಚಂದ್ರಪ್ಪನವರೇ ತೀರ್ಮಾನಿಸಿದರು. ಮಂಜಪ್ಪ ಅಲ್ಲೇ ಹೊಸ ಕಾರ್ಡಿನ ಒಕ್ಕಣೆ ಬರೆದು ಓದಿದರು: ಸನ್ಮಾನಿತರು ಡೆಸ್ಮಂಡ್ ಮಿಸ್ಕಿತ್, ಗಾಯನ ಸುಯಮೀಂದ್ರ.

ಸುಯಮೀಂದ್ರನ ಕಾರಿನ ಹಿಂದಿನ ಸೀಟಿನ ತುಂಬ ಶಾಲು, ಹಣ್ಣು. ಅವುಗಳ ನಡುವೆ ವಿಭಾ. ಮುಂದೆ ಡೆಸ್ಮಂಡ್, ತೊಡೆಯ ಮೇಲೆ ಪೇಟ. ಸುಯಮೀಂದ್ರ ಗಾಡಿ ಸುರು ಮಾಡಲಿಲ್ಲ. ಇಲ್ಲಿ ವೇದಿಕೆ ಇರಲಿಲ್ಲ, ಮೈಕು ಇರಲಿಲ್ಲ, ಮಂಜಪ್ಪ ಇರಲಿಲ್ಲ. ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು ಎನಿಸಿತು.

"ಸರ" ಎಂದು ಕೈಮುಗಿದ. "ಯಾರೂ ಇಲ್ಲ ಈಗ. ಪೂರಾ ಬ್ಯಾಡ. ರೈಲಿನ ಹಾಡಿಂದು ಒಂದ ಒಂದು ಸಾಲು, ನನ್ನ ಸಂತೋಷಕ್ಕ. ನಿಮ್ಮ ಕಾಲಿಗೆ ಬೀಳ್ತೇನಿ."

ಡೆಸ್ಮಂಡ್ ಮಿಸ್ಕಿತ್ ಅವನ ಹೆಗಲ ಮೇಲೆ ಕೈಯಿಟ್ಟ. ಮುಖದಲ್ಲಿ ನಿಜವಾದ ಪ್ರೀತಿಯಿತ್ತು.

"ತಮ್ಮಾ, ಆ ಹಾಡಿನ ಬಗ್ಗೆನ ಹೇಳಬೇಕಂತಿದ್ದೆ. ಭಾಳ ಉದ್ದ ಆತದು. ನಾಳೆ ಹಾನಗಲ್ಲಿನಾಗ ಮೂರು ನಿಮಿಷದಾಗ ಮುಗಸಿಬಿಡು. ನನ್ನ ಭಾಷಣಕ್ಕ ಟೈಮ್ ಸಾಲೂದಿಲ್ಲ."